ಅಕ್ಕನ ಸಕ್ಕರೆ, ತಂಗಿಯ ಸಕ್ಕರೆ

ಆ ಬೀದಿಯಲ್ಲಿ ಹೊಲಿಗೆಯಂಗಡಿ ಇಟ್ಟಿದ್ದ ಇಬ್ಬರು ಹೆಂಗಸರಲ್ಲಿ ದೊಡ್ಡವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಪಕ್ಕದ ಕನ್ನಡಕದಂಗಡಿಯವರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗಾಗಿ ಚಿಕ್ಕವಳು ತಾನಾಗಿಯೇ ಊರಿಗೆಲ್ಲ ತಂಗಿಯಾದಳು. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಗಿರಾಕಿಗಳ ಜೊತೆ ಜಗಳವಾಡುವುದು ಅಕ್ಕನ ಪಾಲು. ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಬಿಗಿದು ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು, ಹೀಗೆ ಕೈಸೂಜಿಯ ಕೆಲಸವೆಲ್ಲ ತಂಗಿಯದು. ಅಮ್ಮ ತೀರಿಕೊಂಡಾಗ ತಂಗಿಗೆ ಆರು ವರ್ಷ, ಅಕ್ಕನಿಗೆ ಇಪ್ಪತ್ತು. ಅವತ್ತಿನಿಂದ ಅವಳ ತಲೆ ಬಾಚಿದವಳು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟವಳು, ತಪ್ಪು ಮಾಡಿದಾಗ ಕಿವಿ ಹಿಂಡಿದವಳು ಅಕ್ಕನೇ. ಈಗ ಅಕ್ಕನ ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು, ತಂಗಿಗೆ ನಲವತ್ತೊಂದು. ಆದರೂ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಕಿವಿ ಹಿಂಡುವ ಹಕ್ಕು ಅಕ್ಕನ ಹತ್ತಿರವೇ ಉಳಿದಿತ್ತು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಬಂದ ದಿನ ಒಂದಿಷ್ಟು ಅತ್ತಳು, ಮರುದಿನ ಸೆರಗು ಬಿಗಿದವಳಂತೆ ಎದ್ದು ನಿಂತಳು. ಬೆಳಿಗ್ಗೆ ಎರಡು ಮಾತ್ರೆ, ಸಂಜೆ ನದಿಯ ಸೇತುವೆಯವರೆಗೆ ಬಿರುಸಿನ ನಡಿಗೆ, ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ. ಹನ್ನೊಂದು ಕಿಲೋ ಇಳಿಸಿ, ರಕ್ತದ ಸಕ್ಕರೆಯನ್ನು ಹೇಳಿದ ಮಾತು ಕೇಳುವ ಹಾಗೆ ಮಾಡಿಕೊಂಡಳು. ಇದು ಅವಳ ಹೆಮ್ಮೆ. ಯಾರಾದರೂ ದಪ್ಪಗಿನ ಗಿರಾಕಿ ಬಂದರೆ, ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಉಪದೇಶ ಶುರು.

"ಬಾಯಿ ಕಟ್ಟಬೇಕು ಸ್ವಾಮಿ, ಕಾಲು ಆಡಿಸಬೇಕು. ಅಷ್ಟೇ. ಬೇರೆ ಯಾವ ಗುಟ್ಟೂ ಇಲ್ಲ."

ಆ ವರ್ಷ ಊರಿನ ವಾದ್ಯಮೇಳದವರು ಇಪ್ಪತ್ತನಾಲ್ಕು ಕೋಟು ಹೊಲಿಯಲು ಕೊಟ್ಟಿದ್ದರು. ಕಡು ನೀಲಿ ಉಣ್ಣೆ ಬಟ್ಟೆ, ಒಂದೊಂದಕ್ಕೂ ಎಂಟು ಹಿತ್ತಾಳೆ ಗುಂಡಿ. ಅಂದರೆ ನೂರಾ ತೊಂಬತ್ತೆರಡು ಕಾಜಾ. ಏಳನೆಯ ಕೋಟು ಕೈಗೆತ್ತಿಕೊಂಡ ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದಳು. ಕಾಜಾಗಳು ಒಂದು ಮೇಲೆ, ಒಂದು ಕೆಳಗೆ, ದಾರ ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಬಿಡಿಬಿಡಿಯಾಗಿ ಹೋಗಿತ್ತು.

"ಏನೇ ಇದು? ಕಣ್ಣು ಮುಚ್ಕೊಂಡು ಹೊಲಿದೆಯಾ?"

"ದಾರ ಎರಡೆರಡಾಗಿ ಕಾಣತ್ತೆ ಅಕ್ಕ," ಎಂದಳು ತಂಗಿ. ಅವಳ ಪಕ್ಕದಲ್ಲಿ ನೀರಿನ ಜಗ್ಗು ಇತ್ತು. ಬೆಳಿಗ್ಗೆಯಿಂದ ಅದು ಮೂರನೆಯ ಜಗ್ಗು. ಅಷ್ಟು ನೀರು ಕುಡಿದವಳು ಗಂಟೆಗೊಮ್ಮೆ ಮೆಟ್ಟಿಲು ಹತ್ತಿ ಬಚ್ಚಲಿಗೆ ಓಡುತ್ತಿದ್ದದ್ದನ್ನು ಅಕ್ಕ ನೋಡಿದ್ದಳು. ಬಿಸಿಲು ಜಾಸ್ತಿ ಎಂದುಕೊಂಡು ಸುಮ್ಮನಾಗಿದ್ದಳು.

ಪಕ್ಕದ ಅಂಗಡಿಯ ಕನ್ನಡಕದವರು ತಂಗಿಯನ್ನು ಕೂರಿಸಿ, ಗಾಜಿನ ಮೇಲೆ ಗಾಜು ಬದಲಿಸಿ ನೋಡಿದರು. ಹಳೆಯ ಪುಸ್ತಕ ತೆಗೆದು ಹೋದ ವರ್ಷದ ನಂಬರಿನ ಜೊತೆ ಹೋಲಿಸಿದರು. ಆಮೇಲೆ ಗಾಜುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿಬಿಟ್ಟರು.

"ಈಗ ಕನ್ನಡಕ ಮಾಡಿಕೊಡಲ್ಲ ಅಕ್ಕ. ಇಷ್ಟು ಬೇಗ ನಂಬರ್ ಬದಲಾಗೋದು ವಯಸ್ಸಿಂದ ಅಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ರೆ ಕಣ್ಣಿನ ಮಸೂರ ಊದಿಕೊಳ್ಳತ್ತೆ. ಇವತ್ತು ಕನ್ನಡಕ ಮಾಡಿಕೊಟ್ರೆ ಸಕ್ಕರೆ ಇಳಿದ ಮೇಲೆ ಅದು ದಂಡ. ಮೊದಲು ರಕ್ತ ಪರೀಕ್ಷೆ ಮಾಡಿಸಿ."

ಪರೀಕ್ಷೆ ಮಾಡಿಸಿದರೆ ಮುನ್ನೂರ ಇಪ್ಪತ್ತು.

ಅಕ್ಕನಿಗೆ ಹೆದರಿಕೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಧೈರ್ಯ ಬಂತು. ಇದು ತನಗೆ ಗೊತ್ತಿರುವ ಶತ್ರು. ತನ್ನ ಡಾಕ್ಟರ ಹತ್ತಿರವೇ ತಂಗಿಯನ್ನು ಕರೆದುಕೊಂಡು ಹೋದಳು. ಡಾಕ್ಟರು ತಂಗಿಯನ್ನು ಏನು ಕೇಳಿದರೂ ಉತ್ತರ ಅಕ್ಕನ ಬಾಯಿಂದಲೇ ಬಂತು. "ನಮ್ಮ ಮನೆತನದ್ದೇ ಡಾಕ್ಟ್ರೇ. ನನ್ನದೇ ಥರ. ನಾನಿದ್ದೀನಲ್ಲ, ದಾರಿಗೆ ತರ್ತೀನಿ." ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ವಯಸ್ಸು ನಲವತ್ತೊಂದು, ಒಡಹುಟ್ಟಿದವಳಿಗೂ ಇದೆ. ಡಾಕ್ಟರು ತಲೆಯಾಡಿಸಿ ಅವೇ ಮಾತ್ರೆ ಬರೆದುಕೊಟ್ಟರು.

ಅಲ್ಲಿಂದ ಶುರುವಾಯಿತು ಅಕ್ಕನ ಆಡಳಿತ. ಮೊದಲು ಸಕ್ಕರೆ ಡಬ್ಬಿ ಮನೆಯಿಂದ ಹೊರಬಿತ್ತು. ಆಮೇಲೆ ಬ್ರೆಡ್ಡು ಎರಡು ತುಂಡಿಗೆ ಇಳಿಯಿತು, ಹಣ್ಣು ವಾರಕ್ಕೆ ಎರಡು ಸಲವಾಯಿತು. ಸಂಜೆ ಸೇತುವೆಯವರೆಗೆ ನಡಿಗೆಗೆ ಅಕ್ಕ ಮುಂದೆ, ತಂಗಿ ಹಿಂದೆ. ತಂಗಿ ಏನೂ ಎದುರಾಡಲಿಲ್ಲ. ತಿಂಗಳಾಗುವ ಹೊತ್ತಿಗೆ ಅವಳ ಸ್ಕರ್ಟುಗಳು ಸೊಂಟದಲ್ಲಿ ನಿಲ್ಲದಾದವು. ಅಕ್ಕ ಟೇಪು ಹಿಡಿದು ನೋಡಿ, ಇಪ್ಪತ್ತೊಂಬತ್ತಿದ್ದದ್ದು ಇಪ್ಪತ್ತೇಳಕ್ಕೆ ಬಂದಿದೆ ಎಂದು ಬೀಗಿದಳು.

"ನೋಡಿದೆಯಾ? ಹೇಳಿದ ಮಾತು ಕೇಳಿದ್ರೆ ಹೀಗಿರತ್ತೆ."

"ನನಗೆ ಕಾಲಲ್ಲಿ ಶಕ್ತಿನೇ ಇಲ್ಲ ಅಕ್ಕ."

"ಮೊದಮೊದಲು ಹಾಗೇ. ನನಗೂ ಆಗಿತ್ತು."

ಅಕ್ಕನಿಗೆ ಹಾಗೆ ಆಗಿರಲಿಲ್ಲ. ಧೈರ್ಯ ಹೇಳಲೆಂದು ಆಡಿದ ಮಾತದು.

ಎರಡನೆಯ ತಿಂಗಳಲ್ಲಿ ಸೊಂಟ ಇಪ್ಪತ್ತೈದಕ್ಕೆ ಇಳಿಯಿತು, ಸಕ್ಕರೆ ಮಾತ್ರ ಇಳಿಯಲಿಲ್ಲ. ಮುನ್ನೂರ ನಲವತ್ತು, ಮುನ್ನೂರ ಐವತ್ತು. ಅಕ್ಕನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಮಾತ್ರೆ ತಾನೇ ಕೈಯಾರೆ ಕೊಡುತ್ತಿದ್ದಾಳೆ, ತಟ್ಟೆಗೆ ತಾನೇ ಬಡಿಸುತ್ತಿದ್ದಾಳೆ, ನಡಿಗೆ ತಪ್ಪಿಲ್ಲ. ಹಾಗಾದರೆ ಈ ಸಕ್ಕರೆ ಎಲ್ಲಿಂದ ಬರುತ್ತಿದೆ? ಒಂದು ಮಧ್ಯಾಹ್ನ ಹಿತ್ತಾಳೆ ಗುಂಡಿ ಹುಡುಕಲೆಂದು ತಂಗಿಯ ಮೇಜಿನ ಖಾನೆ ಎಳೆದಳು. ಗುಂಡಿ ಡಬ್ಬಿಯ ಹಿಂದೆ ಬಿಸ್ಕತ್ತಿನ ಪೊಟ್ಟಣ. ಅರ್ಧ ಖಾಲಿ.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ಗಿರಾಕಿ ಇದ್ದಾನೆ ಎನ್ನುವುದನ್ನೂ ಮರೆತಳು.

"ಕಳ್ಳಿ! ನಾನು ಇಲ್ಲಿ ಉಪ್ಪು ತೂಗಿ, ಎಣ್ಣೆ ಅಳೆದು ಅಡಿಗೆ ಮಾಡ್ತಾ ಇದ್ರೆ ನೀನು ಬೆನ್ನ ಹಿಂದೆ ಮೆಲ್ಲುತ್ತಾ ಕೂತಿದ್ದೀಯಾ? ನಾಚಿಕೆ ಆಗಲ್ವಾ ನಿನಗೆ, ಈ ವಯಸ್ಸಿಗೆ?"

"ಹಸಿವು ಅಕ್ಕ," ಎಂದಳು ತಂಗಿ. "ಊಟ ಮಾಡಿ ಎದ್ದರೂ ಹಸಿವು. ಸೂಜಿ ಹಿಡಿದ್ರೆ ಕೈ ನಡುಗತ್ತೆ. ತಡೆಯೋಕೇ ಆಗಲ್ಲ."

"ನನಗೆ ಆಗಿಲ್ವಾ? ನಾನು ತಡೆದಿಲ್ವಾ? ಮನಸ್ಸು ಬೇಕು, ಮನಸ್ಸು!"

ಬಿಸ್ಕತ್ತು ಬೀದಿಯ ಕಸದ ತೊಟ್ಟಿ ಸೇರಿತು. ತಂಗಿ ಸೂಜಿಗೆ ದಾರ ಪೋಣಿಸಲು ತಲೆ ಬಗ್ಗಿಸಿದಳು. ಐದು ಸಲ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣಿನೊಳಗೆ ಹೋಗಲಿಲ್ಲ. ಆರನೆಯ ಸಲಕ್ಕೆ ಅಕ್ಕನೇ ಕಿತ್ತುಕೊಂಡು ಪೋಣಿಸಿ ಕೊಟ್ಟಳು. ಅವತ್ತಿನಿಂದ ತಂಗಿ ಅಕ್ಕ ಕೊಟ್ಟದ್ದನ್ನಷ್ಟೇ ತಿಂದಳು, ಕೆಲವು ದಿನ ಅದನ್ನೂ ಪೂರ್ತಿ ತಿನ್ನಲಿಲ್ಲ. ಮಾತು ಕಡಿಮೆಯಾಯಿತು. ಅಕ್ಕನಿಗೆ ಅದು ಪಶ್ಚಾತ್ತಾಪದಂತೆ ಕಂಡಿತು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿ ಏಳಲೇ ಇಲ್ಲ. ಅಕ್ಕ ಹೋಗಿ ನೋಡಿದರೆ ಮಂಚದ ಪಕ್ಕದ ಬಕೆಟ್ಟಿನಲ್ಲಿ ವಾಂತಿ. ತಂಗಿಯ ಕೆನ್ನೆ ಒಳಗೆ ಹೋಗಿ, ತುಟಿ ಸಿಪ್ಪೆ ಎದ್ದಿತ್ತು. ಅದೆಲ್ಲಕ್ಕಿಂತ ಅಕ್ಕನನ್ನು ಹೆದರಿಸಿದ್ದು ಅವಳ ಉಸಿರು. ಮಲಗಿದಲ್ಲೇ ಯಾರೋ ಅಟ್ಟಿಸಿಕೊಂಡು ಬಂದವರಂತೆ ಆಳವಾಗಿ, ಬಿರುಸಾಗಿ ಉಸಿರಾಡುತ್ತಿದ್ದಳು. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ.

"ನೋಡೇ, ಇಲ್ಲಿ ನೋಡೇ, ನಾನು ಯಾರು ಹೇಳು?"

ತಂಗಿ ಕಣ್ಣು ಅರ್ಧ ತೆರೆದಳು. "ನಾನು ಏನೂ ತಿಂದಿಲ್ಲ ಅಕ್ಕ," ಎಂದಳು.

ಅಕ್ಕ ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು. ಕನ್ನಡಕದವರು ಅಂಗಡಿಯ ಬಾಗಿಲು ತೆಗೆಯುತ್ತಿದ್ದವರು ಹಾಗೇ ಬಿಟ್ಟು ಕಾರು ತಂದರು. ಇಬ್ಬರೂ ಸೇರಿ ತಂಗಿಯನ್ನು ಹೊತ್ತು ಇಳಿಸಿದರು. ಹೊರಲು ಇಬ್ಬರು ಬೇಕಾಗಿರಲಿಲ್ಲ. ಅವಳು ಅಷ್ಟು ಹಗುರವಾಗಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಒಂದು ಕೈಗೆ ಉಪ್ಪುನೀರು, ಇನ್ನೊಂದು ಕೈಗೆ ಇನ್ಸುಲಿನ್ ಏರಿಸಿದರು. ಗಂಟೆಗೊಮ್ಮೆ ಬೆರಳು ಚುಚ್ಚಿ ರಕ್ತ ನೋಡಿದರು. ಸಂಜೆಯ ಹೊತ್ತಿಗೆ ಉಸಿರು ತಹಬಂದಿಗೆ ಬಂತು. ಮೂರನೆಯ ದಿನ ತಂಗಿ ಎದ್ದು ಕೂತು ಸಾರು ಕುಡಿದಳು. ನಾಲ್ಕನೆಯ ದಿನ, ಸಕ್ಕರೆ ರೋಗಿಗಳಿಗೆ ತಿಳಿಹೇಳುವ ನರ್ಸ್ ಒಬ್ಬಳು ಕಡತ ಹಿಡಿದು ಬಂದಳು. ಗಟ್ಟಿ ದನಿಯ, ಅಗಲ ಮುಖದ ಹೆಂಗಸು. ಅಕ್ಕನನ್ನು ವರಾಂಡದ ಬೆಂಚಿಗೆ ಕರೆದು ಕೂರಿಸಿದಳು.

ಅಕ್ಕ ತಾನೇ ಮೊದಲು ಬಾಯಿಬಿಟ್ಟಳು. "ಸಿಸ್ಟರ್, ಅವಳು ಬಿಸ್ಕತ್ತು ತಿಂತಿದ್ದಳು. ನಾನು ಗದರಿಸಿದ ಮೇಲೆ ಬಿಟ್ಟಳು. ಎರಡು ವಾರ ಹೊಟ್ಟೆಗೆ ಏನೂ ಸರಿಯಾಗಿ ಹೋಗಿಲ್ಲ. ತಿನ್ನದೇ ಇದ್ದವಳ ಸಕ್ಕರೆ ಹೇಗೆ ಏರತ್ತೆ?"

"ಸರಿಯಾದ ಪ್ರಶ್ನೆ," ಎಂದಳು ನರ್ಸ್. "ಉಂಡದ್ದೆಲ್ಲ ಸಕ್ಕರೆಯಾಗಿ ರಕ್ತಕ್ಕೆ ಬರತ್ತೆ. ಬಂದದ್ದು ಮೈಯ ಒಂದೊಂದು ಕಣದೊಳಗೂ ಹೋಗಬೇಕು. ಅದಕ್ಕೆ ಬಾಗಿಲು ತಟ್ಟೋರು ಬೇಕು. ಆ ಬಾಗಿಲು ತಟ್ಟೋದೇ ಇನ್ಸುಲಿನ್. ಹೊಟ್ಟೆಯ ಹಿಂದೆ ಇರೋ ಒಂದು ಗ್ರಂಥಿ ಅದನ್ನ ಮಾಡತ್ತೆ. ಊಟ ಮಾಡಿದಾಗ ಜಾಸ್ತಿ ಬಿಡತ್ತೆ, ಮಿಕ್ಕ ಹೊತ್ತು ಚೂರುಚೂರು. ಉಣ್ಣದೇ ಇದ್ದಾಗ ಯಕೃತ್ತು ಕೂಡಿಟ್ಟ ಸಕ್ಕರೆನ ರಕ್ತಕ್ಕೆ ಬಿಡತ್ತೆ. ಸಾಕು ನಿಲ್ಲಿಸು ಅಂತ ಅದಕ್ಕೆ ಹೇಳೋದೂ ಇದೇ ಇನ್ಸುಲಿನ್."

"ನನಗೂ ಇದೇ ಕಾಯಿಲೆ."

"ಹೆಸರು ಒಂದೇ, ಕಾಯಿಲೆ ಬೇರೆ. ನಿಮ್ಮ ಮೈಯಲ್ಲಿ ಬಾಗಿಲು ತಟ್ಟೋರು ಇದ್ದಾರೆ, ಒಳಗಿನವರ ಕಿವಿ ಮಂದ. ಮಾತ್ರೆ, ನಡಿಗೆ, ಬಾಯಿ ಕಟ್ಟೋದು, ಎಲ್ಲ ಆ ಕಿವಿ ಚುರುಕಾಗೋಕೆ. ನಿಮ್ಮ ತಂಗೀಲಿ ತಟ್ಟೋರೇ ಇಲ್ಲ. ಮೈ ಕಾಯಬೇಕಾದ ರಕ್ಷಣೆಯೇ ತಪ್ಪು ತಿಳಿದು, ಇನ್ಸುಲಿನ್ ಮಾಡೋ ಕಣಗಳನ್ನ ಕೊಂದುಹಾಕಿದೆ. ಮಕ್ಕಳಿಗೇ ಬರೋದು ಅಂತ ಜನ ಅಂದ್ಕೊಂಡಿದ್ದಾರೆ, ದೊಡ್ಡವರಿಗೂ ಬರತ್ತೆ. ರಕ್ತ ಪರೀಕ್ಷೇಲಿ ಗೊತ್ತಾಯ್ತು. ಅವಳು ಎಷ್ಟು ತಿಂದ್ರೂ ಸಕ್ಕರೆ ಹೊರಗೇ ನಿಂತಿತ್ತು, ಒಳಗೆ ಮೈ ಉಪವಾಸ. ಅದಕ್ಕೇ ಆ ಹಸಿವು. ನಿಲ್ಲಿಸೋರು ಇಲ್ಲದೆ ಯಕೃತ್ತು ಸಕ್ಕರೆ ಸುರೀತಾನೇ ಇತ್ತು. ಕೊನೆಗೆ ಮೈ ತನ್ನ ಕೊಬ್ಬನ್ನೇ ಸುಟ್ಟು ರಕ್ತ ಹುಳಿಯಾಯ್ತು. ಬಿಸ್ಕತ್ತಿಂದ ಬಂದ ಕಾಯಿಲೆ ಅಲ್ಲ ಇದು."

ಅಕ್ಕ ಎದುರಿನ ಗೋಡೆಯ ಮೇಲೆ ಯಾರೋ ಒರಗಿ ಒರಗಿ ಕೊಳೆಯಾದ ಜಾಗವನ್ನೇ ನೋಡುತ್ತ ಕೂತಳು. ಮನಸ್ಸು ಬೇಕು, ಮನಸ್ಸು, ಎಂದು ತಾನೇ ಕೂಗಿದ್ದು ಕಿವಿಯಲ್ಲಿ ಕೇಳುತ್ತಿತ್ತು. ಮನಸ್ಸಿನಲ್ಲಿ ಏನೂ ಕೊರತೆಯಿಲ್ಲದೆ, ಹಸಿದ ಹೊಟ್ಟೆಯಲ್ಲಿ, ಕಾಣದ ಕಣ್ಣಿನಲ್ಲಿ, ಆ ಹುಡುಗಿ ಹದಿನಾರು ಕೋಟು ಮುಗಿಸಿದ್ದಳು.

"ನಾನೇ ಅವಳನ್ನ ಸಾಯಿಸ್ತಿದ್ದೆ," ಎಂದಳು ಕೊನೆಗೆ.

"ನೀವೇ ಹೊತ್ತುಕೊಂಡು ಬಂದಿರಿ," ಎಂದಳು ನರ್ಸ್. "ಅಳೋದಿದ್ರೆ ಇಲ್ಲೇ ಅತ್ತುಬಿಡಿ. ಒಳಗೆ ಹೋದ ಮೇಲೆ ಕಲಿಯೋದು ಬಹಳ ಇದೆ."

ಅಕ್ಕ ಅತ್ತು, ಮುಖ ತೊಳೆದು ಒಳಗೆ ಹೋದಳು. ತಂಗಿ ದಿಂಬಿಗೊರಗಿ ಕಿಟಕಿಯಾಚೆ ನೋಡುತ್ತಿದ್ದಳು. ಅಕ್ಕ ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಬಟ್ಟೆ ಕತ್ತರಿಸುವಾಗ ಒಮ್ಮೆಯೂ ತಡವರಿಸದ ಅಕ್ಕ ಈಗ ಒಂದೊಂದೇ ಮಾತು ಹುಡುಕಿದಳು.

"ನಿನ್ನ ಕಳ್ಳಿ ಅಂದೆ ನಾನು. ಗಿರಾಕಿ ಎದುರಿಗೆ ಅಂದೆ. ತಪ್ಪಾಯ್ತು ಕಣೇ."

ತಂಗಿ ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದಳು. ಆಮೇಲೆ, "ತಪ್ಪಾಯ್ತು ಅಂತ ನಿನ್ನ ಬಾಯಲ್ಲಿ ಕೇಳೋಕೆ ಆಸ್ಪತ್ರೆಗೆ ಬರಬೇಕಾಯ್ತು ನೋಡು," ಎಂದಳು. ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ತಂಗಿ ಮೆಲ್ಲಗೆ ಹೇಳಿದಳು, "ನನಗೂ ನಾನೇ ಕಳ್ಳಿ ಅನ್ನಿಸಿಬಿಟ್ಟಿತ್ತು ಅಕ್ಕ. ಅದೇ ಕಷ್ಟ ಆಗಿದ್ದು."

ತಂಗಿ ಇನ್ನು ದಿನವೂ ಹೊರಗಿನಿಂದ ಇನ್ಸುಲಿನ್ ಚುಚ್ಚಿಕೊಳ್ಳಬೇಕಿತ್ತು. ಚುಚ್ಚುವ ಪೆನ್ನು ಕೈಗೆ ಬಂದ ದಿನ ಅಕ್ಕನೇ ಮುಂದೆ ಬಂದಳು. "ಕೊಡಿ, ಸೂಜಿ ನಮಗೇನು ಹೊಸದಾ?" ಎಂದಳು. ಪೆನ್ನು ತಂಗಿಯ ಹೊಟ್ಟೆಯ ಹತ್ತಿರ ಹೋದದ್ದೇ ತಡ, ಮುಖ ತಿರುಗಿಸಿ ಕೈ ಹಿಂದೆಳೆದುಕೊಂಡಳು. ಮೂವತ್ತೈದು ವರ್ಷ ಸೂಜಿಯಲ್ಲೇ ಅನ್ನ ತಿಂದವಳು ಬೆವೆತುಹೋದಳು. ತಂಗಿ ಪೆನ್ನು ತೆಗೆದುಕೊಂಡು, ಚರ್ಮ ಹಿಡಿದು, ನೆಟ್ಟಗೆ ಚುಚ್ಚಿ, ಹತ್ತು ಎಣಿಸಿ ಹೊರತೆಗೆದಳು. "ಇದು ಕಾಜಾಕ್ಕಿಂತ ಸುಲಭ," ಎಂದಳು.

ಮನೆಗೆ ಬಂದ ಮೇಲೆ ತಟ್ಟೆಯ ಲೆಕ್ಕ ಬದಲಾಯಿತು. ಒಂದು ತುಂಡು ಬ್ರೆಡ್ಡಿಗೆ ಎಷ್ಟು ಇನ್ಸುಲಿನ್, ಒಂದು ಸೇಬಿಗೆ ಎಷ್ಟು, ಎಲ್ಲವನ್ನೂ ತಂಗಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ತನ್ನ ತಟ್ಟೆ ತನ್ನದು, ಅವಳ ತಟ್ಟೆ ಅವಳದು ಎನ್ನುವುದು ಅಕ್ಕನ ತಲೆಗೆ ಹೋಗಲು ಸಮಯ ಹಿಡಿಯಿತು. ತಂಗಿ ಮೂರನೆಯ ತುಂಡು ಬ್ರೆಡ್ಡಿಗೆ ಕೈ ಹಾಕಿದಾಗೆಲ್ಲ ಅಕ್ಕನ ಗಂಟಲಿನವರೆಗೆ ಮಾತು ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುತ್ತಿದ್ದಳು.

ಮೂರು ವಾರದ ಮೇಲೆ ಅಂಗಡಿಯಲ್ಲಿ ತಂಗಿ ಇಸ್ತ್ರಿ ಹಾಕುತ್ತಿದ್ದಾಗ ಇದ್ದಕ್ಕಿದ್ದಂತೆ ಸಿಡಿಮಿಡಿ ಶುರುವಾಯಿತು. ಕಾಲರು ಸರಿಯಿಲ್ಲ, ಇಸ್ತ್ರಿಪೆಟ್ಟಿಗೆ ಸರಿಯಿಲ್ಲ, ಅಕ್ಕ ನಿಂತ ಜಾಗ ಸರಿಯಿಲ್ಲ. ಬೇರೆ ದಿನವಾಗಿದ್ದರೆ ಅಕ್ಕ ಮಾತಿಗೆ ಮಾತು ಬೆಳೆಸುತ್ತಿದ್ದಳು. ಅವತ್ತು ತಂಗಿಯ ಹಣೆಯ ಬೆವರು ಕಂಡಿತು, ಬೆರಳ ತುದಿಯ ನಡುಕ ಕಂಡಿತು. ಇಸ್ತ್ರಿಪೆಟ್ಟಿಗೆ ಕಿತ್ತಿಟ್ಟು, ಅವಳನ್ನು ಕೂರಿಸಿ ಬೆರಳು ಚುಚ್ಚಿದಳು. ಐವತ್ತೆರಡು.

ಈ ಸಲ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಅಕ್ಕ ಗಾಬರಿಯಲ್ಲಿ ಇಡೀ ಲೋಟ ಹಣ್ಣಿನ ರಸ ಕುಡಿಸಿದಳು, ಎರಡು ಚಮಚ ಸಕ್ಕರೆ ಬಾಯಿಗೆ ಸುರಿದಳು, ಮೇಲೆ ನಾಲ್ಕು ಬಿಸ್ಕತ್ತು ತುರುಕಿದಳು. ಎರಡು ಗಂಟೆಯ ಮೇಲೆ ಮುನ್ನೂರು.

ನರ್ಸ್ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಅರ್ಧ ಲೋಟ ರಸ ಸಾಕು. ಹದಿನೈದು ನಿಮಿಷ ಕಾದು ಮತ್ತೆ ನೋಡಿ. ಎಂಬತ್ತು ದಾಟಿಲ್ಲ ಅಂದ್ರೆ ಇನ್ನೊಂದು ಅರ್ಧ. ಕೊಡೋದು ಸುಲಭ ಅಕ್ಕ, ಕಾಯೋದು ಕಷ್ಟ."

ಮುಂದಿನ ಸಲ ಅಕ್ಕ ಅರ್ಧ ಲೋಟ ಕೊಟ್ಟು, ಗೋಡೆಯ ಗಡಿಯಾರದ ಎದುರು ಕೈ ಕಟ್ಟಿ ನಿಂತಳು. ಅಷ್ಟು ಉದ್ದದ ಹದಿನೈದು ನಿಮಿಷವನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಎಪ್ಪತ್ತೆಂಟು ಬಂತು. ಇನ್ನೊಂದು ಅರ್ಧ ಲೋಟ ಕೊಟ್ಟಳು. ನೂರಾ ನಾಲ್ಕು ಬಂದಾಗ ಇಪ್ಪತ್ತನಾಲ್ಕು ಕೋಟಿನ ಕೆಲಸ ಮುಗಿಸಿದಷ್ಟು ದಣಿದು ಕುರ್ಚಿಗೆ ಬಿದ್ದಳು.

ತಂಗಿಯ ಕಣ್ಣು ತಿಂಗಳೊಳಗೆ ತಿಳಿಯಾಯಿತು. ಕನ್ನಡಕದವರು ಮತ್ತೆ ಗಾಜು ಹಾಕಿ ನೋಡಿ, ಹೋದ ವರ್ಷದ ನಂಬರೇ ಸರಿ ಎಂದರು. ಅವಳು ತಾನು ಕೆಡಿಸಿದ ಕಾಜಾಗಳನ್ನೆಲ್ಲ ಬಿಚ್ಚಿ, ಹೊಸದಾಗಿ ಹೊಲಿದು, ಉಳಿದ ಎಂಟು ಕೋಟನ್ನೂ ಮುಗಿಸಿದಳು. ವಾದ್ಯಮೇಳದವರು ಮೂರು ವಾರ ತಡವಾಗಿ ಕೋಟು ತೆಗೆದುಕೊಂಡು ಹೋದರು. ಕಾರಣ ಗೊತ್ತಿದ್ದರಿಂದ ಗೊಣಗಲಿಲ್ಲ. ಡ್ರಮ್ಮು ಬಾರಿಸುವವನು ಮಾತ್ರ ತನ್ನ ಕೋಟಿಗೆ ಹೊಟ್ಟೆಯ ಹತ್ತಿರ ಒಂದಿಂಚು ಬಿಡಿ ಎಂದು ಕೇಳಿಕೊಂಡ. ಅಕ್ಕ ಉಪದೇಶ ಮಾಡದೆ ಒಂದಿಂಚು ಬಿಟ್ಟಳು. ಬೀದಿಗೆ ಅದೇ ದೊಡ್ಡ ಸುದ್ದಿ.

ಚಳಿಗಾಲದ ಕೊನೆಗೆ ಬೇರೆ ಊರಿನಲ್ಲಿದ್ದ ಅಕ್ಕನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಳಿಯ ಫೋನು ಮಾಡಿ ಬನ್ನಿ ಎಂದ. ಅಕ್ಕ ಎರಡು ದಿನ ಚಡಪಡಿಸಿದಳು. ಮೊಮ್ಮಗಳನ್ನು ನೋಡುವ ಆಸೆ ಒಂದು ಕಡೆ, ತಂಗಿಯನ್ನು ಒಬ್ಬಳೇ ಬಿಟ್ಟು ಹೋಗುವ ದಿಗಿಲು ಇನ್ನೊಂದು ಕಡೆ. ಕನ್ನಡಕದವರಿಗೆ ಮನೆಯ ಇನ್ನೊಂದು ಬೀಗದಕೈ ಕೊಟ್ಟಳು, ನರ್ಸಿನ ನಂಬರು ಗೋಡೆಗೆ ಅಂಟಿಸಿದಳು. ಕೊನೆಗೆ ತಂಗಿಯೇ ಅವಳ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಳು.

"ಹೋಗಿ ಬಾ ಅಕ್ಕ. ನಿನ್ನ ಮಾತ್ರೆ ಬಲಗಡೆ ಜೇಬಲ್ಲಿ ಇದೆ. ನನಗೆ ಹೇಳಿದ್ದನ್ನೆಲ್ಲ ನೀನೂ ಮಾಡು."

ಐದನೆಯ ದಿನ ಸಂಜೆ, ಮಗು ತೊಡೆಯ ಮೇಲೆ ಮಲಗಿದ್ದಾಗ ತಂಗಿಯ ಫೋನು ಬಂತು.

"ಇವತ್ತು ಐವತ್ತೆಂಟಕ್ಕೆ ಹೋಗಿತ್ತು," ಎಂದಳು ತಂಗಿ ಮೊದಲ ಮಾತಿಗೇ. "ವಕೀಲರೊಬ್ರು ಕೋಟಿನ ಅಳತೆಗೆ ಬಂದಿದ್ರು. ಟೇಪು ಹಿಡಿದ್ರೆ ಕೈ ನಡುಗಿತು. ನೀವು ಸ್ವಲ್ಪ ಕೂತ್ಕೊಳ್ಳಿ, ನನಗೆ ಸಕ್ಕರೆ ಇಳಿದಿದೆ ಅಂತ ಅವರಿಗೇ ಹೇಳಿದೆ. ರಸ ಕುಡಿದು ಕಾದೆ. ಪಾಪ, ಅವರು ಪೇಪರ್ ಓದ್ತಾ ಕೂತಿದ್ರು. ನೂರು ದಾಟಿದ ಮೇಲೆ ಅಳತೆ ತಗೊಂಡು ಕಳಿಸಿದೆ."

ಬೆಳಿಗ್ಗೆ ಏನು ತಿಂದೆ, ಎಷ್ಟು ಚುಚ್ಚಿಕೊಂಡೆ, ನಡೆದೆಯಾ, ನನಗೆ ಆಗಲೇ ಯಾಕೆ ಹೇಳಲಿಲ್ಲ. ಎಲ್ಲ ಒಟ್ಟಿಗೇ ಅಕ್ಕನ ನಾಲಿಗೆಯ ತುದಿಗೆ ಬಂತು. ಮಗುವಿನ ಬಿಸಿ ತಲೆಯ ಮೇಲೆ ಕೈಯಿಟ್ಟು ಒಂದು ಉಸಿರು ಎಳೆದುಕೊಂಡಳು.

"ಅಳತೆ ತೆಗೆಯೋದು ನಿನಗೆ ಬರತ್ತಾ?" ಎಂದಳು.

"ಎರಡು ಸಲ ತೆಗೆದೆ. ಬಟ್ಟೆನೂ ಕತ್ತರಿಸಿಬಿಟ್ಟೆ."

"ಕತ್ತರಿಸಿಬಿಟ್ಟೆಯಾ?"

"ಹೂಂ. ಚೆನ್ನಾಗೇ ಬಂದಿದೆ. ನೀನು ಇನ್ನೊಂದು ವಾರ ಇದ್ದು ಬಾ ಅಕ್ಕ. ಅವಳ ಮುಖ ಯಾರ ಥರ ಇದೆ, ಅದನ್ನ ಹೇಳು ಮೊದಲು."

ಅಕ್ಕ ಮಗುವಿನ ಮುಖ ನೋಡಿದಳು. ಸಣ್ಣ ಗಲ್ಲ, ಎದ್ದು ಕಾಣುವ ಹಣೆ. ನಿದ್ದೆಯಲ್ಲೇ ತುಟಿ ಚಪ್ಪರಿಸಿ ಹಸಿವು ಎಂದು ಸಾರುತ್ತಿತ್ತು.

"ನಿನ್ನ ಥರ," ಎಂದಳು. "ಇರು, ಹಾಲು ಕುಡಿಯೋ ಹೊತ್ತಾಯ್ತು. ಅವಳಮ್ಮನ್ನ ಕೂಗಿ ಬರ್ತೀನಿ. ಫೋನ್ ಇಡಬೇಡ."